ಪ್ರಸ್ಥಾನಕ್ಕಿಟ್ಟ ಪಾಸ್‌ಪೋರ್ಟು

ವಿಮಾನದ ಟಿಕೆಟನ್ನು ಅಂಗೈಯಲ್ಲೇ ಮಾಡಿಕೊಳ್ಳುವ ಜಾಣರೇ, ನಿಮಗೊಂದು ಪ್ರಶ್ನೆ. ನಿಮ್ಮ ಫೋನು ಪುತ್ತೂರಿನಿಂದ ಗುತ್ತಿಗಾರಿಗೆ ಜೀಪಿನಲ್ಲಿ ಕುಲುಕಿಕೊಂಡು ಹೋಗಿ, ನಿಮ್ಮ ಮಾವನವರ ಹತ್ತಿರ ಜಗಳ ಮಾಡಿ, ಗೆದ್ದು ಬರುತ್ತದೆಯೇ?

ಇಲ್ಲ ತಾನೇ? ನಾನು ಗೆದ್ದು ಬಂದಿದ್ದೇನೆ. ಅದನ್ನೇ ಬರೆಯಲು ಕುಳಿತಿದ್ದೇನೆ, ಬಲಗೈಯ ಒಂದೇ ಬೆರಳಿನಲ್ಲಿ. ಈ ಫೋನಿಗೆ ನನಗಿಂತ ಅವಸರ. ನಾನು ‘ಗು’ ಅನ್ನುವಷ್ಟರಲ್ಲಿ ‘ಗುಡ್ ಮಾರ್ನಿಂಗ್’ ಎನ್ನುತ್ತದೆ. ಅದರ ಬಾಯಿ ಮುಚ್ಚಿಸಿ ಮುಂದೆ ಹೋಗುವುದು ಈಗ ನನಗೆ ಅಭ್ಯಾಸವಾಗಿದೆ.

ಇದನ್ನು ಬರೆಯಬೇಕೆಂದು ಅನಿಸಿದ್ದು ಮೊಮ್ಮಗಳಿಂದಾಗಿ. ಅವಳು ಊಟದ ಮೇಜಿನಲ್ಲಿ ಒಂದು ಕೈಯಲ್ಲಿ ಅನ್ನ ಕಲಸುತ್ತ, ಇನ್ನೊಂದು ಕೈಯಲ್ಲಿ ದೆಹಲಿಗೆ ಟಿಕೆಟ್ ಮಾಡಿದಳು. ಮಾಡಿ ಮುಗಿಸಿ, “ಅಜ್ಜಿ, ಟ್ರಾವೆಲ್ ಏಜೆಂಟ್ ಅಂತ ಒಂದು ಜಾತಿ ಇತ್ತಂತೆ, ನೋಡಿದ್ದೀರಾ? ಅವರು ಇದ್ದದ್ದು ಎಂತಕ್ಕೆ ಅಂತ ನನಗೆ ಅರ್ಥವೇ ಆಗುದಿಲ್ಲ” ಎಂದಳು. ನಾನು ಮಜ್ಜಿಗೆ ಬಡಿಸಿಕೊಂಡು ಸುಮ್ಮನೆ ನಕ್ಕೆ. ಅಜ್ಜನಿಗೆ ಫೋಟೊ ಸ್ಟುಡಿಯೋ ಇತ್ತೆಂದು ಅವಳಿಗೆ ಗೊತ್ತು. ಸ್ಟುಡಿಯೋದ ಮುಂದಿನ ಕೋಣೆಯಲ್ಲಿ ಅಜ್ಜಿ ಕುಳಿತು ಏನು ಮಾಡುತ್ತಿದ್ದಳೆಂದು ಅವಳು ಯಾವತ್ತೂ ಕೇಳಿಲ್ಲ.

ಸ್ಟುಡಿಯೋ ಇದ್ದದ್ದು ಪುತ್ತೂರಿನ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ನನ್ನ ಗಂಡ ಒಳಗೆ ಫೋಟೊ ತೆಗೆಯುತ್ತಿದ್ದರು. ಹೊರಗೆ ಕನ್ನಡಿಯ ಪಕ್ಕದಲ್ಲಿ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ, ಮೊಳೆಯಲ್ಲಿ ಒಂದು ಕಪ್ಪು ಕೋಟು. ಪಾಸ್‌ಪೋರ್ಟಿಗೆ ಫೋಟೊ ತೆಗೆಸಲು ಬಂದವರೆಲ್ಲ ಅದೇ ಕೋಟಿನೊಳಗೆ ನುಗ್ಗಬೇಕು. ಸಪೂರದವರು ಅದರೊಳಗೆ ಮುಳುಗುತ್ತಿದ್ದರು, ದಪ್ಪದವರು ಗುಂಡಿ ಹಾಕಿ ಉಸಿರು ಕಟ್ಟಿ ಕೂರುತ್ತಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೊಲ್ಲಿ ದೇಶಕ್ಕೆ ಹೋಗುವವರ ಸಾಲು ಶುರುವಾಗಿತ್ತು. ಕೋಟಿಗೆ ಬಿಡುವೇ ಇರಲಿಲ್ಲ.

ಫೋಟೊ ತೆಗೆಸಿದವರು ಹೋಗುವಾಗ ಕೇಳುತ್ತಿದ್ದರು: “ಅಕ್ಕ, ಈ ಫಾರ್ಮಿನಲ್ಲಿ ಎಂತ ಬರೆಯುದು?” ನಾನು ಬರೆದುಕೊಟ್ಟೆ. ಪಾಸ್‌ಪೋರ್ಟ್ ಬಂದ ಮೇಲೆ ಅವರೇ ಬಂದು, “ಅಕ್ಕ, ಇನ್ನು ವಿಮಾನಕ್ಕೆ ಎಲ್ಲಿ ಹೇಳುದು?” ಎಂದರು. ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನವರನ್ನು ವಿಚಾರಿಸಿದೆ. ಪುತ್ತೂರಿನಲ್ಲಿ ನಮ್ಮ ಪರವಾಗಿ ನೀವೇ ಟಿಕೆಟ್ ಮಾಡಿಸಿ ಎಂದರು ಅವರು. ಹೀಗೆ, ವಿಮಾನದ ಮೆಟ್ಟಿಲನ್ನೂ ಕಾಣದ ನಾನು ವಿಮಾನದ ಏಜೆಂಟಳಾದೆ. ನನ್ನ ಗಂಡ ಬೋರ್ಡಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಸಿದರು, ಅಕ್ಷರ ಮಾತ್ರ ಅವರ ಸ್ಟುಡಿಯೋದ ಹೆಸರಿಗಿಂತ ಸಣ್ಣದು. ಯಾಕೆ ಸಣ್ಣದು ಎಂದು ಕೇಳಿದ್ದಕ್ಕೆ, “ವಿಮಾನ ದೂರದಿಂದ ಸಣ್ಣದೇ ಕಾಣುದು” ಎಂದರು.

ಆಗಿನ ಟಿಕೆಟ್ ಎಂದರೆ ಕೈಯಲ್ಲಿ ಬರೆದ ಪುಸ್ತಕ. ನಡುವೆ ಕೆಂಪು ಕಾರ್ಬನ್, ಮುಟ್ಟಿದರೆ ಬೆರಳಿಗೆ ಕುಂಕುಮದ ಹಾಗೆ ಅಂಟುತ್ತಿತ್ತು. ನಾನು ಮಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಎಕ್ಸ್‌ಚೇಂಜಿನವರ ಮರ್ಜಿ ಕಾದು, ಲೈನ್ ಸಿಕ್ಕಿದಾಗ ಊರಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆದು ಹೆಸರು ಹೇಳಬೇಕು. ಸೀಟು ಸಿಕ್ಕಿದರೆ ಟಿಕೆಟಿನಲ್ಲಿ ‘ಓಕೆ’ ಬರೆದು, ಲಕೋಟೆಗೆ ಹಾಕಿ, ಮಂಗಳೂರು–ಪುತ್ತೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದರು. ಕಂಡಕ್ಟರ್ ಬಸ್ಸಿನಿಂದ ಇಳಿಯುವ ಮೊದಲೇ, “ಅಕ್ಕಾ, ದುಬಾಯಿ ಬಂತು!” ಎಂದು ಕೂಗುತ್ತಿದ್ದ. ಹೊರಡುವ ಮೊದಲು ಸೀಟು ಇನ್ನೂ ಇದೆಯೇ ಎಂದು ಮತ್ತೆ ವಿಚಾರಿಸಿ ಗಟ್ಟಿ ಮಾಡಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದರು. ಇದನ್ನೂ ನಾನೇ ಮಾಡುತ್ತಿದ್ದೆ. ಇಷ್ಟರ ಮೇಲೆ, ವಿಮಾನದಲ್ಲಿ ವಾಂತಿ ಬಂದರೆ ಕಿಟಕಿ ತೆಗೆಯಬಹುದೇ ಎಂಬಂಥ ಪ್ರಶ್ನೆಗಳಿಗೂ ಉತ್ತರ ಕೊಡಬೇಕಿತ್ತು. “ತೆಗೆಯಬಹುದು, ಆದರೆ ಕೆಳಗೆ ಯಾರಾದ್ರೂ ಇದ್ದಾರಾ ನೋಡಿ” ಎಂದು ಹೇಳಿದ ದಿನ ನನ್ನ ಗಂಡ ಒಳಗಿನಿಂದ ಕೆಮ್ಮಿದರು.

ಆ ನರ್ಸು ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಗುತ್ತಿಗಾರಿನ ಸೊಸೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತವಳು. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಅವಳ ಜೊತೆಗೆ ಇಬ್ಬರು ಬಂದಿದ್ದರು. ಒಬ್ಬ ಅವಳ ಗಂಡ, ಗುತ್ತಿಗಾರು–ಸುಬ್ರಹ್ಮಣ್ಯ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವವನು, ಮಾತು ಕಡಿಮೆ. ಇನ್ನೊಬ್ಬರು ಅವಳ ಮಾವ. ಬಿಳಿ ಪಂಚೆ, ಹೆಗಲಿಗೆ ಬೈರಾಸು, ಮಗನ ಪಾಲಿನ ಮಾತೂ ಸೇರಿ ಎಲ್ಲ ಮಾತು ಅವರದ್ದೇ. ನಾನು ಅವರನ್ನು ಗೌಡ್ರೆ ಎಂದು ಕರೆದೆ.

ನರ್ಸು ವಿಷಯ ಹೇಳಿದಳು. ಬುಧವಾರ ಬೆಳಿಗ್ಗೆ ಬೊಂಬಾಯಿಯಿಂದ ನರ್ಸುಗಳ ತಂಡ ಹೊರಡುತ್ತದೆ. ಎಲ್ಲರ ವೀಸಾ ಕಾಗದವೂ ಮಸ್ಕತ್ತಿನ ಟಿಕೆಟೂ ತಂಡವನ್ನು ಕರೆದುಕೊಂಡು ಹೋಗುವವರ ಕೈಯಲ್ಲಿದೆ. ಅವತ್ತು ಅಲ್ಲಿ ಇಲ್ಲದವಳ ಜಾಗಕ್ಕೆ ಬೇರೆಯವಳು ಹೋಗುತ್ತಾಳೆ, ಅಷ್ಟೇ. ಬಸ್ಸು ಘಾಟಿಯಲ್ಲಿ ಎಲ್ಲಾದರೂ ಕೆಟ್ಟು ನಿಂತರೆ ಕೆಲಸ ಹೋಯಿತೆಂದು ಅವಳ ಗಂಡನಿಗೆ ಹೆದರಿಕೆ. ಹಾಗಾಗಿ ಬೊಂಬಾಯಿಗೂ ವಿಮಾನವೇ ಬೇಕು. ನಾನು ಟ್ರಂಕ್ ಕಾಲ್ ಮಾಡಿ ಕೇಳಿದೆ, ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಸೀಟು ಇದ್ದದ್ದು ಮಂಗಳವಾರ.

“ಮಂಗಳವಾರವಾ?” ಎಂದರು ಗೌಡರು. ಅಲ್ಲಿಯವರೆಗೆ ಗೋಡೆಯ ಮೇಲಿನ ಮದುಮಕ್ಕಳ ಫೋಟೊ ನೋಡುತ್ತಿದ್ದವರು ತಿರುಗಿ ಕುಳಿತರು. “ಮಂಗಳವಾರ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಡಿಸುದುಂಟಾ? ಬುಧವಾರಕ್ಕೆ ಹಾಕಿ.”

“ಬುಧವಾರ ಇವಳು ಬೊಂಬಾಯಿಯಲ್ಲಿ ಇರ್ಬೇಕು, ಗೌಡ್ರೆ.”

“ಹಾಗಾದ್ರೆ ಸೋಮವಾರಕ್ಕೆ.”

“ಸೋಮವಾರ ಸೀಟಿಲ್ಲ. ಕೇಳಿದ್ದೇನೆ.”

“ನೀವು ಫೋನಿನಲ್ಲಿ ಕೇಳಿದ್ದು. ನಾನೇ ಮಂಗಳೂರಿಗೆ ಹೋಗಿ ಅವರ ಎದುರು ನಿಂತು ಕೇಳಿದ್ರೆ?”

“ನಿಂತು ಕೇಳಿದ್ರೂ ಸೀಟಿಲ್ಲ. ಕೂತು ಕೇಳಿದ್ರೂ ಇಲ್ಲ.”

ನರ್ಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಗಂಡ ಕಿಟಕಿಯ ಹೊರಗೆ ತನ್ನ ಜೀಪನ್ನೇ ನೋಡುತ್ತಿದ್ದ. ಗೌಡರು ಬೈರಾಸಿನಿಂದ ಮುಖ ಒರೆಸಿ, “ಸರಿ. ಶುಕ್ರವಾರ ಒಳ್ಳೆ ಗಳಿಗೆ ಉಂಟು, ಜೋಯಿಸರ ಹತ್ತಿರ ಕೇಳಿಯೇ ಬಂದದ್ದು. ಪ್ರಸ್ಥಾನ ಇಡುದು” ಎಂದು ತೀರ್ಪು ಕೊಟ್ಟರು.

ಈಗಿನವರಿಗೆ ಪ್ರಸ್ಥಾನ ಗೊತ್ತಿರಲಿಕ್ಕಿಲ್ಲ. ಹೊರಡಬೇಕಾದ ದಿನ ಒಳ್ಳೆಯದಲ್ಲದಿದ್ದರೆ, ಅದಕ್ಕಿಂತ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ, ಹೊರಡುವವರ ಏನಾದರೊಂದು ವಸ್ತುವನ್ನು ಬೇರೆ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ಇಟ್ಟದ್ದನ್ನು ಮಾತ್ರ ಸ್ವಂತ ಮನೆಗೆ ತಿರುಗಿ ತರುವ ಹಾಗಿಲ್ಲ. ನನಗೆ ಇದು ಬಹಳ ಇಷ್ಟದ ಕ್ರಮ. ದಿನಕ್ಕೂ ಬೇಸರವಿಲ್ಲ, ಜೋಯಿಸರಿಗೂ ಬೇಸರವಿಲ್ಲ, ವಿಮಾನವೂ ತಪ್ಪುವುದಿಲ್ಲ. “ಒಳ್ಳೆದಾಯ್ತು, ಹಾಗೇ ಮಾಡಿ” ಎಂದೆ. ಒಂದು ಕೊಡೆಯನ್ನೋ, ಒಂದು ಜೊತೆ ಚಪ್ಪಲಿಯನ್ನೋ ಇಡುತ್ತಾರೆಂದು ನನ್ನ ಅಂದಾಜು. ಶುಕ್ರವಾರಕ್ಕೆ ಮೊದಲೇ ಟಿಕೆಟ್ ಬಂತು, ‘ಓಕೆ’ ಇತ್ತು, ಅವರಿಗೆ ಕೊಟ್ಟೆ. ಸೀಟನ್ನು ಮತ್ತೊಮ್ಮೆ ಗಟ್ಟಿ ಮಾಡಿಯೂ ಇಟ್ಟೆ.

ಸೋಮವಾರ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯುವಾಗ ಜೀಪು ನಿಂತಿತ್ತು. ನರ್ಸು ಒಳಗೆ ಬಂದು ಕುರ್ಚಿಯಲ್ಲಿ ಕುಳಿತವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಅಕ್ಕ, ಪಾಸ್‌ಪೋರ್ಟ್ ಅಮೆಯಲ್ಲಿ ಸಿಕ್ಕಿಬಿದ್ದಿದೆ.”

ಮನೆಯಲ್ಲಿ ಮಗು ಹುಟ್ಟಿದರೆ ಆ ಮನೆಗೆ ಅಮೆ. ಸಾವಿಗೆ ಸೂತಕ ಇದ್ದ ಹಾಗೆ ಹುಟ್ಟಿಗೆ ಇದು. ಅಮೆ ಕಳೆಯುವವರೆಗೆ, ಅಂದರೆ ಹತ್ತಾರು ದಿನ, ಆ ಮನೆಯವರು ದೇವಸ್ಥಾನಕ್ಕೆ ಹೋಗುವುದಿಲ್ಲ, ಒಳ್ಳೆಯ ಕಾರ್ಯಕ್ಕೆ ಆ ಮನೆಯ ವಸ್ತುವನ್ನು ಯಾರೂ ಮುಟ್ಟುವುದಿಲ್ಲ. ಇವರು ಪ್ರಸ್ಥಾನ ಇಟ್ಟದ್ದು ಗದ್ದೆಯ ಆಚೆ ಬದಿಯ ಮನೆಯಲ್ಲಿ. ಆ ಮನೆಯ ಸೊಸೆ ಬಸುರಿ. ಆಸ್ಪತ್ರೆಯವರು ಹೇಳಿದ್ದು ಮುಂದಿನ ತಿಂಗಳು. ಮಗು ಯಾರ ಮಾತನ್ನೂ ಕೇಳದೆ ಆದಿತ್ಯವಾರ ಮಧ್ಯಾಹ್ನವೇ, ಮನೆಯಲ್ಲೇ ಹುಟ್ಟಿಬಿಟ್ಟಿತು. ಹೆರಿಗೆ ಮಾಡಿಸಿದ್ದು ಯಾರೆಂದು ಕೇಳಿದೆ.

“ನಾನೇ” ಎಂದಳು ನರ್ಸು. “ಕೂಗಿ ಕರೆದ್ರು, ಓಡಿದೆ. ಬಂದು ಮಿಂದೆ. ಮಾವ ಅದಕ್ಕೆ ಒಂದು ಮಾತೂ ಹೇಳ್ಲಿಲ್ಲ, ಪುಣ್ಯದ ಕೆಲಸ ಅಂದ್ರು. ಆದ್ರೆ ಪ್ರಸ್ಥಾನಕ್ಕೆ ಇಟ್ಟ ಬ್ಯಾಗ್ ಮಾತ್ರ ತರ್ಲಿಕ್ಕೆ ಬಿಡುದಿಲ್ಲ. ನಾನಾದ್ರೆ ಮಿಂದು ಶುದ್ಧ ಆಗ್ಬಹುದು, ಬ್ಯಾಗನ್ನು ಮೀಯಿಸ್ಲಿಕ್ಕೆ ಆಗ್ತದಾ ಅಂತ ಕೇಳ್ತಾರೆ.”

“ಬ್ಯಾಗಿನಲ್ಲಿ ಎಂತೆಲ್ಲ ಉಂಟು?”

“ಎಲ್ಲ. ಪಾಸ್‌ಪೋರ್ಟು, ಟಿಕೆಟು, ಸರ್ಟಿಫಿಕೇಟು, ಸೀರೆ, ಉಪ್ಪಿನಕಾಯಿ.”

“ಒಂದು ಕೊಡೆ ಇಟ್ಟಿದ್ರೆ ಸಾಕಿತ್ತಲ್ಲ ಮಾರಾಯ್ತಿ!”

“ನಾನೂ ಅದೇ ಹೇಳಿದೆ. ವಿಮಾನದಲ್ಲಿ ಹೋಗುವವಳು ಕೊಡೆ ಇಟ್ರೆ ಕೊಡೆ ಮಾತ್ರ ಹೋದ ಹಾಗೆ, ಹೋಗ್ಲಿಕ್ಕೆ ಯಾವುದು ಮುಖ್ಯವೋ ಅದನ್ನೇ ಇಡ್ಬೇಕು ಅಂದ್ರು.”

ಕೇಳಿದರೆ ನ್ಯಾಯವೇ. ಅದರಲ್ಲೇ ತೊಂದರೆಯಾದದ್ದು. ಆಚೆ ಮನೆಯವರಾದರೂ ಕೊಡಬಾರದೇ ಎಂದರೆ, ಅವರು ಇನ್ನೂ ಗಟ್ಟಿ. ಹೆರಿಗೆ ಮಾಡಿಸಿ ಉಪಕಾರ ಮಾಡಿದವಳಿಗೆ ನಮ್ಮ ಮನೆಯಿಂದ ಕೆಟ್ಟದಾಗುವುದು ಬೇಡ ಎಂದು ಅವರು ಬ್ಯಾಗನ್ನು ಒಳಗಿನ ಕೋಣೆಗೆ ಸೇರಿಸಿದ್ದಾರೆ.

ಜೀಪಿನವನು ಬಾಗಿಲಲ್ಲಿ ನಿಂತು ಆ ವರ್ಷದ ತನ್ನ ಅತ್ಯಂತ ಉದ್ದದ ಮಾತು ಆಡಿದ: “ಏಜೆಂಟ್ ಇದ್ದಾರಲ್ಲ, ದಿನ ಮುಂದೆ ಹಾಕಿಸ್ಲಿ ಅಂತ ಅಪ್ಪ ಹೇಳಿ ಕಳಿಸಿದ್ದಾರೆ.”

ನಾನು ಟ್ರಂಕ್ ಕಾಲ್ ಬುಕ್ ಮಾಡಿದೆ. ಮಂಗಳೂರಿನವರು ಬೊಂಬಾಯಿಗೆ ಕೇಳಿ ತಿರುಗಿ ಹೇಳಿದರು: ಇಲ್ಲಿಯ ಟಿಕೆಟನ್ನು ಮುಂದೆ ಹಾಕಬಹುದು, ಅಲ್ಲಿಯ ತಂಡ ಒಬ್ಬಳಿಗಾಗಿ ಕಾಯುವುದಿಲ್ಲ. ಟಿಕೆಟ್ ಹೋದರೆ ಇನ್ನೊಂದು ಬರೆಸಲು ನಾನು ಏನಾದರೂ ಸರ್ಕಸ್ ಮಾಡಬಹುದಿತ್ತು. ಪಾಸ್‌ಪೋರ್ಟ್ ಇಲ್ಲದೆ ಹಾರುವವರು ಕಾಗೆಗಳು ಮಾತ್ರ.

ಒಳಗಿನಿಂದ ನನ್ನ ಗಂಡ, “ಟಿಕೆಟ್ ಕೊಟ್ಟಾಯ್ತು, ಸೀಟ್ ಗಟ್ಟಿ ಮಾಡಿ ಆಯ್ತು. ಇನ್ನು ಅದು ಅವರ ಮನೆ ವಿಷಯ. ನಿನ್ನ ಕೆಲಸ ಮುಗೀತು” ಎಂದರು. ಲೆಕ್ಕ ಹಾಕಿ ನೋಡಿದರೆ ಅವರು ಹೇಳಿದ್ದು ಸರಿ. ಆದರೆ ನನ್ನ ಎದುರು ಕುಳಿತವಳು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿ ಅವನ್ನೇ ನೋಡುತ್ತಿದ್ದಳು. ಹಿಂದಿನ ದಿನ ಒಂದು ಮಗುವನ್ನು ಹಿಡಿದ ಕೈಗಳು. ಇನ್ನು ಗುತ್ತಿಗಾರಿನಲ್ಲಿ ರಬ್ಬರ್ ಶೀಟ್ ಒಣಗಿಸುವ ಕೈಗಳಾಗಿ ಉಳಿಯುತ್ತವೋ ಎಂದು ಅವಳು ಯೋಚಿಸುತ್ತಿದ್ದಳೆಂದು ನನಗೆ ಕಂಡಿತು.

ಸ್ಟುಡಿಯೋದ ಬೀಗದ ಕೈಯನ್ನು ಗಂಡನ ಕೈಗೆ ಕೊಟ್ಟು ಜೀಪು ಹತ್ತಿದೆ.

ಬೆಳ್ಳಾರೆ, ಪಂಜ ದಾಟಿ ಹೋಗುವ ದಾರಿ ಆಗ ಹೇಗಿತ್ತೆಂದರೆ, ಕುಳಿತವರು ಕುಳಿತಿದ್ದದ್ದಕ್ಕಿಂತ ಹಾರಿದ್ದೇ ಹೆಚ್ಚು. ನಾನು ಕಂಬಿ ಹಿಡಿದುಕೊಂಡು ನರ್ಸಿನ ಹತ್ತಿರ ಮಾವನ ಬಗ್ಗೆ ಒಂದೊಂದೇ ವಿಷಯ ಕೇಳುತ್ತ ಹೋದೆ. ಮನೆಗೆ ಯಾರೆಲ್ಲ ಬರುತ್ತಾರೆ, ಮಗಳನ್ನು ಎಲ್ಲಿಗೆ ಕೊಟ್ಟದ್ದು, ಅವಳಿಗೆ ಮಕ್ಕಳಿದ್ದಾರಾ, ಆ ಸುದ್ದಿ ಇವರಿಗೆ ತಲುಪಿದ್ದು ಹೇಗೆ. ಅವಳು ಯಾಕಕ್ಕ ಎಂದು ಕೇಳಿದಳು. ಸುಮ್ಮನೆ ಎಂದೆ. ಸುಮ್ಮನೆ ಅಲ್ಲ. ನಾನು ಗಿರಾಕಿಗಳಿಗೆ ಪಾಸ್‌ಪೋರ್ಟ್ ತಿರುಗಿ ಕೊಡುವಾಗ, ಜೋಪಾನ ಮಾಡಲಿ ಎಂದು ಹೆದರಿಸಲೆಂದೇ ಅದರೊಳಗೆ ಅಚ್ಚಾದ ಒಂದು ಸಾಲನ್ನು ಓದಿ ಹೇಳುತ್ತಿದ್ದೆ. ಆ ಸಾಲು ಜೀಪಿನ ಜೊತೆಗೆ ನನ್ನ ತಲೆಯಲ್ಲೂ ಕುಣಿಯಲು ಶುರುಮಾಡಿತ್ತು.

ಗೌಡರು ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ತಂತಿಗೆ ಹಾಕುತ್ತಿದ್ದರು. ನನ್ನನ್ನು ಕಂಡು ಹುಬ್ಬು ಏರಿಸಿದರು.

“ಎಂತ, ಏಜೆಂಟರು ಮನೆವರೆಗೆ! ದಿನ ಮುಂದೆ ಹೋಯ್ತಾ?”

“ದಿನ ಮುಂದೆ ಹೋಗುದಿಲ್ಲ ಗೌಡ್ರೆ. ಹೋಗುವವಳು ಇವಳು, ನಾಳೆಯೇ.”

“ಅದಾಗುದಿಲ್ಲ. ಅಮೆ ಮನೆಯಿಂದ ವಸ್ತು ತೆಗೆದು ಪ್ರಯಾಣ ಹೋಗುದು ಎಲ್ಲಿಯಾದ್ರೂ ಉಂಟಾ? ಕೆಲಸ ಇನ್ನೊಂದು ಸಿಗ್ತದೆ.”

“ನಾನು ನಿಮ್ಮ ವಸ್ತು ತೆಗೆಯಲಿಕ್ಕೆ ಬಂದದ್ದಲ್ಲ. ನಿಮ್ಮ ಕ್ರಮಕ್ಕೆ ನಾನು ಅಡ್ಡ ಬರುವವಳೂ ಅಲ್ಲ. ಒಂದು ಮಾತು ಕೇಳ್ತೇನೆ. ಆ ಪಾಸ್‌ಪೋರ್ಟು ಯಾರದ್ದು?”

“ನನ್ನ ಸೊಸೆಯದ್ದು. ಫೋಟೊ ತೆಗೆದದ್ದೇ ನಿಮ್ಮ ಯಜಮಾನ್ರು.”

“ಫೋಟೊ ಸೊಸೆಯದ್ದು. ಪುಸ್ತಕ ಭಾರತ ಸರ್ಕಾರದ್ದು. ಅದರೊಳಗೇ ಅಚ್ಚು ಹಾಕಿದ್ದಾರೆ, ಇದು ಸರ್ಕಾರದ ಸೊತ್ತು ಅಂತ. ಇವಳಿಗೆ ಇಟ್ಟುಕೊಳ್ಲಿಕ್ಕೆ ಕೊಟ್ಟದ್ದು ಮಾತ್ರ. ಟಿಕೆಟು ವಿಮಾನ ಕಂಪೆನಿಯವರದ್ದು, ಅದೂ ಟಿಕೆಟಿನಲ್ಲೇ ಬರೆದುಂಟು. ಈಗ ಹೇಳಿ, ಸರ್ಕಾರಕ್ಕೆ ಅಮೆ ಉಂಟಾ?”

ಗೌಡರ ಕೈಯಲ್ಲಿದ್ದ ಶೀಟು ಅರ್ಧ ತಂತಿಯ ಮೇಲೆ, ಅರ್ಧ ಗಾಳಿಯಲ್ಲಿ ನಿಂತಿತು. ಅವರ ಮಗ ಜೀಪಿನ ಬಾನೆಟ್ ತೆಗೆದು ಒಳಗೆ ತಲೆ ಹಾಕಿದ. ಜೀಪಿಗೆ ಏನೂ ಆಗಿರಲಿಲ್ಲ.

“ಸರ್ಕಾರದ್ದೇ ಆಗ್ಲಿ” ಎಂದರು ಗೌಡರು, ಸೋಲದೆ. “ಈಗ ಇರುದು ಅಮೆ ಮನೆಯೊಳಗೆ ಅಲ್ವಾ? ಆ ಗಾಳಿ ತಾಗಿದ ಮೇಲೆ ತಾಗಿತು.”

“ಹೌದಾ? ನಿಮ್ಮ ಮಗಳು ಆಲಂಕಾರಿನ ಗಂಡನ ಮನೆಯಲ್ಲಿ ಹೆತ್ತಾಗ ಅಳಿಯ ನಿಮಗೆ ಕಾರ್ಡು ಹಾಕಿದ್ರಲ್ಲ. ಅದನ್ನು ಎಲ್ಲಿ ಕೂತು ಬರೆದದ್ದು?”

“ಅವರ ಮನೆಯಲ್ಲಿ.”

“ಅಮೆ ಇರುವ ಮನೆಯಲ್ಲಿ. ಆ ಕಾರ್ಡನ್ನು ನೀವು ಕೈಯಿಂದ ಮುಟ್ಟಿದ್ರಾ, ಕೊಕ್ಕೆಯಿಂದ ಹಿಡಿದ್ರಾ? ಓದಿಸಿ ಓದಿಸಿ ಕೇಳಿ, ದೇವರ ಫೋಟೊದ ಹಿಂದೆ ಸಿಕ್ಕಿಸಿ ಇಟ್ಟಿದ್ದೀರಂತೆ!”

ಗೌಡರು ಸೊಸೆಯ ಕಡೆ ತಿರುಗಿದರು. ಸೊಸೆ ತಂತಿಯ ಮೇಲಿನ ಶೀಟುಗಳನ್ನು ಬಹಳ ಶ್ರದ್ಧೆಯಿಂದ ಸರಿಮಾಡತೊಡಗಿದಳು.

“ಅದು ಪೋಸ್ಟಿನಲ್ಲಿ ಬಂದದ್ದು” ಎಂದರು.

“ಪೋಸ್ಟು ಯಾರದ್ದು?”

“... ಸರ್ಕಾರದ್ದು.”

“ಇದೂ ಸರ್ಕಾರದ್ದೇ. ಪೋಸ್ಟ್‌ಮ್ಯಾನ್ ಬದಲು ನಾನು ಬಂದಿದ್ದೇನೆ. ಮತ್ತೆ ಇನ್ನೊಂದು ವಿಷಯ. ಪ್ರಯಾಣ ಶುಕ್ರವಾರವೇ ಶುರುವಾಗಿ ಆಯ್ತು, ಜೋಯಿಸರು ಹೇಳಿದ ಗಳಿಗೆಯಲ್ಲೇ. ಹೊರಟವಳನ್ನು ಈಗ ಅರ್ಧ ದಾರಿಯಿಂದ ತಿರುಗಿ ಕರೆಯುದು ಯಾವ ಜೋಯಿಸರು ಹೇಳಿದ ಕ್ರಮ?”

ಅವರು ಶೀಟನ್ನು ತಂತಿಗೆ ಪೂರ್ತಿ ಎಳೆದು ಹಾಕಿದರು. ಬೈರಾಸಿನಿಂದ ಕೈ ಒರೆಸಿದರು. ಗದ್ದೆಯ ಆಚೆ ಮನೆಯ ಕಡೆಗೊಮ್ಮೆ, ಸೊಸೆಯ ಕಡೆಗೊಮ್ಮೆ ನೋಡಿದರು. ಅವಳು ಆಗ ಶೀಟು ಬಿಟ್ಟು ಅವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಬೇಡುವುದೇನೂ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಗೌಡರಿಗೆ ಅವಳನ್ನು ತಡೆಯುವ ಆಸೆ ಇರಲಿಲ್ಲವೆಂದು ನನಗೆ ಆಗ ಖಾತ್ರಿಯಾಯಿತು. ಸಮುದ್ರ ದಾಟಿ ಹೋಗುವವಳಿಗೆ ಏನಾದರೂ ಆದರೆ ಎಂಬ ಹೆದರಿಕೆ, ಅಷ್ಟೇ. ಆ ಹೆದರಿಕೆಗೆ ಕಾಲಿಡಲು ಒಂದು ಗಟ್ಟಿ ನೆಲ ಬೇಕಿತ್ತು. ಅದನ್ನು ನಾನು ಕೊಟ್ಟಿದ್ದೆ.

“ಸರ್ಕಾರದ್ದು ಮಾತ್ರ” ಎಂದರು ಕೊನೆಗೆ. “ನಮ್ಮ ಮನೆಯದ್ದು ಒಂದು ನೂಲೂ ಬರಬಾರದು. ಮತ್ತೆ ನೀವೇ ಹೋಗಿ ತರ್ಬೇಕು. ನಮ್ಮ ಅಂಗಳಕ್ಕೆ ತರುದು ಬೇಡ, ಸೀದಾ ಜೀಪಿಗೆ.”

ನಾನು ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿ ಗದ್ದೆಯ ಹುಣಿಯಲ್ಲಿ, ಆ ಸಪೂರ ಬದುವಿನ ಮೇಲೆ, ನಡೆದೆ. ಅಷ್ಟು ಠೀವಿಯಿಂದ ನಾನು ಮದುವೆಯ ದಿನವೂ ನಡೆದಿರಲಿಲ್ಲ. ಆಚೆ ಮನೆಯ ಅಜ್ಜಿ ಬಾಣಂತಿಗೆ ಮೀಯಲು ನೀರು ಕಾಯಿಸುತ್ತಿದ್ದರು. ಸೊಪ್ಪು ಬೇಯುವ ಪರಿಮಳ ಜಗಲಿಯವರೆಗೆ ಬಂದಿತ್ತು. ವಿಷಯ ಹೇಳಿದೆ. ಸರ್ಕಾರ ಎಂದ ಕೂಡಲೇ ಅವರು ಹೆದರಿ, “ಕೊಂಡೋಗಿ, ಕೊಂಡೋಗಿ, ನಾವು ಮುಟ್ಟಲೂ ಇಲ್ಲ” ಎಂದು ಕೋಣೆ ತೋರಿಸಿದರು. ಬ್ಯಾಗನ್ನು ಜಗಲಿಗೆ ತಂದು ತೆಗೆದೆ. ಗೌಡರು ಗದ್ದೆಯ ಈಚೆ ಬದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಕಾವಲು ಕಾಯುತ್ತಿದ್ದರು.

ಪಾಸ್‌ಪೋರ್ಟನ್ನು ಎತ್ತಿ ತೋರಿಸಿದೆ. ತಲೆ ಆಡಿಸಿದರು. ಟಿಕೆಟ್ ತೋರಿಸಿದೆ. ತಲೆ ಆಡಿಸಿದರು. ಒಂದು ದೊಡ್ಡ ಲಕೋಟೆ ಎತ್ತಿದೆ.

“ಅದು ಯಾರದ್ದು?” ಎಂದು ಕೂಗಿದರು.

“ಸರ್ಟಿಫಿಕೇಟು! ಕಾಲೇಜಿನದ್ದು!”

“ಕಾಲೇಜು ಯಾರದ್ದು?”

ನಾನು ಯೋಚಿಸಲಿಲ್ಲ. “ಅದೂ ಸರ್ಕಾರ ಒಪ್ಪಿದ್ದೇ!”

ಅವರು ಆ ಮಾತನ್ನು ತೂಗಿ ನೋಡಿ ಕೈ ಬೀಸಿದರು, ತಾ ಎಂದು. ಸೀರೆಗಳು ಉಳಿದವು. ಬಟ್ಟೆ ಸುತ್ತಿ, ದಾರ ಕಟ್ಟಿ, ಬಹಳ ಪ್ರೀತಿಯಿಂದ ಮುಚ್ಚಳ ಬಿಗಿದ ಮಾವಿನ ಮಿಡಿಯ ಭರಣಿಯೂ ಉಳಿಯಿತು.

“ಗೌಡ್ರೆ, ಉಪ್ಪಿನಕಾಯಿ?”

ಗೌಡರು ಬೈರಾಸನ್ನು ಹೆಗಲಿನಿಂದ ತೆಗೆದು, ಮಡಚಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ಆ ಮಿಡಿಯನ್ನು ಮರ ಹತ್ತಿಸಿ ಕೊಯ್ಯಿಸಿದವರು ಅವರೇ ಎಂದು ನರ್ಸು ಆಮೇಲೆ ಹೇಳಿದಳು.

“ಅದು ನಮ್ಮದೇ” ಎಂದರು ಕೊನೆಗೆ, ಸ್ವರ ತಗ್ಗಿಸಿ. “ಅಲ್ಲೇ ಇರ್ಲಿ.”

ಒಳಗಿನಿಂದ ಮಗು ಒಂದು ಸಲ ಕಿರುಚಿತು. ಅದರ ಮುಖ ನೋಡದೆ ಬರಲು ನನಗೆ ಮನಸ್ಸಾಗಲಿಲ್ಲ. ಬಾಗಿಲಲ್ಲಿ ನಿಂತು ಇಣುಕಿದೆ. ಇಷ್ಟು ಗಲಾಟೆ ಎಬ್ಬಿಸಿದ ಜೀವ ತೆಂಗಿನಕಾಯಿಗಿಂತ ಚೂರು ದೊಡ್ಡದು, ಮುಷ್ಟಿ ಬಿಗಿದು ಮಲಗಿತ್ತು.

ನಾನು ಜೀಪಿನ ಹತ್ತಿರವೇ ನಿಂತೆ, ಅಂಗಳಕ್ಕೆ ಹೋಗಲಿಲ್ಲ. ಗೌಡರೇ ಚಾ ತಂದು, ಲೋಟವನ್ನು ಕಟ್ಟೆಯ ಮೇಲೆ ಇಟ್ಟು ದೂರ ಸರಿದರು. ನಾನು ಎತ್ತಿಕೊಂಡು ಕುಡಿದೆ. ಗೆದ್ದವರು ಕುಡಿಯುವ ಚಾಕ್ಕೆ ಬೇರೆಯೇ ರುಚಿ. ಬೆಲ್ಲ ಒಂದು ತುಂಡು ಹೆಚ್ಚೇ ಹಾಕಿದ್ದರು.

ನರ್ಸು ಅವತ್ತೇ ನಮ್ಮ ಜೊತೆಗೆ ಪುತ್ತೂರಿಗೆ ಬಂದಳು. ಪ್ರಯಾಣ ಶುರುವಾದವಳು ಇನ್ನು ಮನೆಯಲ್ಲಿ ಮಲಗುವುದು ಬೇಡವೆಂದು ಗೌಡರೇ ಹೇಳಿದರು. ಮನೆ ಬಿಟ್ಟದ್ದು ಸೋಮವಾರವೇ ಆದ್ದರಿಂದ ಮಂಗಳವಾರದ ಸುದ್ದಿಯೇ ಹೋಯಿತು. ನನ್ನ ಎರಡು ಸೀರೆ ಅವಳಿಗೆ ಕೊಟ್ಟೆ. ರವಿಕೆ ದೊಡ್ಡದಾಯಿತು, ಪಿನ್ನು ಹಾಕಿದೆವು. ನನ್ನ ಗಂಡ ಕ್ಯಾಮೆರಾ ಇಡುವ ಚರ್ಮದ ಚೀಲವನ್ನು ಖಾಲಿ ಮಾಡಿ ಅವಳ ಎದುರು ಇಟ್ಟರು. ನಿನ್ನ ಕೆಲಸ ಮುಗೀತು ಎಂದ ಬಾಯಿಯಿಂದ ಮತ್ತೆ ಆ ಮಾತು ಬರಲಿಲ್ಲ.

ಮಂಗಳವಾರ ನಾವೆಲ್ಲ ಬಜ್ಪೆಯ ಗುಡ್ಡದ ಮೇಲೆ ಇದ್ದೆವು. ಗೌಡರು ಗುತ್ತಿಗಾರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದು ನಮಗಿಂತ ಮೊದಲೇ ಮುಟ್ಟಿದ್ದರು. ಕೌಂಟರಿನವರು ನರ್ಸಿನ ಟಿಕೆಟ್ ತೆಗೆದುಕೊಂಡು, ಪಟ್ಟಿಯಲ್ಲಿ ಬೆರಳು ಓಡಿಸಿದರು. ಬೆರಳು ಕೆಳಗೆ ಹೋದ ಹಾಗೆ ನಾನೂ ಕೌಂಟರಿನ ಮೇಲೆ ಬಗ್ಗುತ್ತ ಹೋದೆ. ಬೆರಳು ಒಂದು ಕಡೆ ನಿಂತಿತು. ಹೆಸರು ಇತ್ತು. ನಾನು ಟ್ರಂಕ್ ಕಾಲಿನಲ್ಲಿ ಬೊಬ್ಬೆ ಹೊಡೆದು ಬರೆಸಿದ ಹೆಸರು, ಒಂದು ಅಕ್ಷರವೂ ತಪ್ಪಿಲ್ಲದೆ.

ಹೋಗುವ ಮೊದಲು ಅವಳು ಮಾವನ ಕಾಲು ಮುಟ್ಟಿದಳು. ಅವರು ಆಶೀರ್ವಾದ ಮಾಡಲು ಬಾಯಿ ತೆರೆದು, “ಅಲ್ಲಿ ನೀರು ಕಾಯಿಸಿ ಕುಡಿ” ಎಂದರು. ಗಂಡ ಅವಳ ಚೀಲದ ಪಟ್ಟಿಯನ್ನು ಮೂರು ಸಲ ಸರಿ ಮಾಡಿದ. ಅವಳು ನನ್ನ ಎರಡೂ ಕೈಗಳನ್ನು ಹಿಡಿದು, “ಅಕ್ಕ, ನೀವೊಬ್ಬರು ಇರದಿದ್ರೆ” ಎಂದು ಶುರುಮಾಡಿದಳು. “ಇದ್ದೇನಲ್ಲ, ಹೋಗು ಮಾರಾಯ್ತಿ, ಮೆಟ್ಟಿಲು ಎಳೀತಾರೆ” ಎಂದು ತಳ್ಳಿದೆ. ತಳ್ಳದಿದ್ದರೆ ನಾನು ಅಲ್ಲೇ ಅಳುತ್ತಿದ್ದೆ.

ಬೇಲಿಯ ಹತ್ತಿರ ನಿಂತು ನೋಡಿದೆವು. ಅವಳು ಬಿಸಿಲಿನಲ್ಲಿ ನಡೆದು, ಮೆಟ್ಟಿಲು ಹತ್ತಿ, ಕೊನೆಯ ಮೆಟ್ಟಿಲಿನಲ್ಲಿ ತಿರುಗಿ ಕೈಬೀಸಿದಳು. ನನ್ನ ನೀಲಿ ಸೀರೆಯ ಸೆರಗು ಗಾಳಿಗೆ ಪಟಪಟ ಹಾರಿತು. ವಿಮಾನ ಓಡಿತು, ಗುಡ್ಡದ ತುದಿಗೆ ಹೋಯಿತು, ಇನ್ನು ಬಿತ್ತೋ ಎನ್ನುವಾಗ ಎದ್ದಿತು. ನನ್ನ ಸೀರೆ ನನಗಿಂತ ಮೊದಲು ಆಕಾಶಕ್ಕೆ ಹೋಯಿತು. ನಾನು ಏಜೆಂಟಳಾಗಿ ಎಷ್ಟೋ ಜನರನ್ನು ಕಳಿಸಿದ್ದೆ, ಆದರೆ ಒಂದು ವಿಮಾನವನ್ನು ಸ್ವತಃ ಎತ್ತಿ ಹಾರಿಸಿದ ಹಾಗೆ ಅನಿಸಿದ್ದು ಅವತ್ತು ಮಾತ್ರ. ಬೇಲಿಯ ಕಂಬಿ ಹಿಡಿದುಕೊಂಡೇ ಕುಣಿದೆ. ಪಕ್ಕದಲ್ಲಿ ಯಾರದ್ದೋ ಮಕ್ಕಳು ಸುಮ್ಮನೆ ನಿಂತು ನೋಡುತ್ತಿದ್ದರು, ಕುಣಿದದ್ದು ನಾನು.

ವಿಮಾನ ಚುಕ್ಕಿಯಾಗಿ ಕಾಣದೆ ಹೋಗುವವರೆಗೆ ಗೌಡರು ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಆಮೇಲೆ ಬೈರಾಸಿನಿಂದ ಮುಖ ಒರೆಸುವ ನೆಪದಲ್ಲಿ ಕಣ್ಣು ಒರೆಸಿ, ಮಗನನ್ನು ತೋರಿಸಿದರು.

“ಇವನೂ ಹೋಗ್ಲಿ. ಅವಳೊಬ್ಬಳೇ ಅಲ್ಲಿ ಎಷ್ಟು ದಿನ ಇರುದು? ಅಲ್ಲಿಯೂ ಜೀಪು ಉಂಟಲ್ಲ, ಓಡಿಸ್ತಾನೆ.”

ಮಗ ಬಾಯಿ ತೆರೆದು ನಿಂತ. ಇಷ್ಟು ಒಳ್ಳೆಯ ಸಮಯ ಸಿಕ್ಕಿದಾಗ ಚುಚ್ಚದೆ ಬಿಡಲು ನನಗೆ ಸಾಧ್ಯವೇ? “ಆಗ್ಬಹುದು ಗೌಡ್ರೆ. ಆದ್ರೆ ಇವರ ಟಿಕೆಟಿಗೆ ನೀವೇ ಮಂಗಳೂರಿಗೆ ಹೋಗಿ ಎದುರು ನಿಂತು ಕೇಳ್ತೀರೋ, ಅಲ್ಲ ಏಜೆಂಟ್ ಬೇಕೋ?”

ಅವರು ಬೈರಾಸನ್ನು ಹೆಗಲಿಗೆ ಎಸೆದುಕೊಂಡರು.

“ಟಿಕೆಟ್ ನೀನೇ ಮಾಡು ಮಾರಾಯ್ತಿ. ಆದ್ರೆ ಈ ಸಲ ಪ್ರಸ್ಥಾನ ಇಡ್ಲಿಕ್ಕೆ, ಹೆರುವ ಪ್ರಾಯದವರು ಒಬ್ಬರೂ ಇಲ್ಲದ ಮನೆ ಹುಡುಕಿ ಕೊಡುದೂ ನಿನ್ನದೇ ಕೆಲಸ. ಏಜೆಂಟ್ ಅಂದ್ರೆ ಅಷ್ಟಾದ್ರೂ ಬೇಡ್ವಾ?”